ಅಡಿಗೆ ಭಟ್ಟನ ಮೂಗಿನಲ್ಲಿ ದ್ರಾಕ್ಷಿ

ಮೂಗಿರುವ ತನಕ ನೆಗಡಿ ತಪ್ಪದು ಅಂತ ಗಾದೆ. ಆ ಗಾದೆ ಮಾಡಿದ ಪುಣ್ಯಾತ್ಮನಿಗೆ ನೆಗಡಿ ಬಂದು ಹೋಗುತ್ತಿತ್ತು ಅಂತ ಕಾಣುತ್ತದೆ. ನನಗೆ ಬಂದದ್ದು ಹೋಗಲೇ ಇಲ್ಲ. ಮೊದಲು ಒಂದು ಕಡೆ ಕಟ್ಟಿತು, ಆಮೇಲೆ ಎರಡೂ ಕಡೆ ಕಟ್ಟಿತು, ವಾಸನೆ ಹೋಯಿತು, ಅದರ ಹಿಂದೆಯೇ ಮರ್ಯಾದೆಯೂ ಹೊರಟಿತು. ಬೇರೆಯವರಿಗೆ ಇಂಥ ಫಜೀತಿ ವರ್ಷಕ್ಕೊಂದು ಆದರೆ ಕೂತು ಕತೆ ಮಾಡಿ ಹೇಳುತ್ತಾರೆ. ನನಗೆ ಒಲೆ ಹಚ್ಚಿದಾಗಲೆಲ್ಲ ಒಂದೊಂದು ಆಗುತ್ತಿತ್ತು. ನಗುವವರು ನಗಲಿ. ನಾನು ಆಗ ನಕ್ಕಿರಲಿಲ್ಲ, ಈಗಲೂ ಪೂರ್ತಿ ನಗು ಬರುತ್ತಿಲ್ಲ.

ನಾನು ಅಡಿಗೆ ಭಟ್ಟ. ಚಿಕ್ಕಲಸಂದ್ರದಲ್ಲಿ ಬಾಡಿಗೆ ಮನೆ. ಬನಶಂಕರಿ, ಜಯನಗರ, ಜೆ.ಪಿ. ನಗರದ ಕಡೆ ಸತ್ಯನಾರಾಯಣ ಪೂಜೆ, ನಾಮಕರಣ, ಗೃಹಪ್ರವೇಶಗಳಿಗೆ ಅಡಿಗೆ ಮಾಡುತ್ತೇನೆ. ಹೆಂಡತಿಯೂ ಜೊತೆಗೆ ಬರುತ್ತಾಳೆ. ಹೋಟೆಲಿನವರಿಗಿಲ್ಲದ ಕಷ್ಟವೊಂದು ನಮಗಿದೆ. ದೇವರಿಗೆ ನೈವೇದ್ಯ ಆಗುವ ತನಕ ಅಡಿಗೆಯ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು ಸಾಕಾ, ಹುಳಿ ಹೆಚ್ಚಾಯಿತಾ, ಪುಡಿಯ ಹಸಿ ವಾಸನೆ ಹೋಯಿತಾ, ಎಲ್ಲವನ್ನೂ ಮೂಗಿನಲ್ಲೇ ತಿಳಿಯಬೇಕು. ಬಗ್ಗಿ ಮೂಸುವಂತೆಯೂ ಇಲ್ಲ, ಮೂಸಿದ್ದು ದೇವರಿಗೆ ಸಲ್ಲುವುದಿಲ್ಲ. ಪಾತ್ರೆಯ ಪಕ್ಕ ಸುಮ್ಮನೆ ನಿಂತಿರಬೇಕು, ಹಬೆ ತಾನಾಗಿ ಬಂದು ಹೇಳಬೇಕು. ಉಪ್ಪಿಗೆ ವಾಸನೆ ಎಲ್ಲಿಂದ ಬಂತು ಅಂತ ಓದಿದವರು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಉಪ್ಪು ಬಿದ್ದ ಸಾರಿನ ಹಬೆ ಬೇರೆ, ಬೀಳದ ಸಾರಿನ ಹಬೆ ಬೇರೆ, ಅಷ್ಟು ಗೊತ್ತು. ಆ ಮೂಗು ಹೋದರೆ ಭಟ್ಟ ಅಂತ ಉಳಿಯುವುದು ಒಂದು ಪಂಚೆ, ಒಂದು ಸೌಟು.

ಎಲ್ಲಿ ಬೆಂಕಿ

ಮೂಗು ಹೋಗಿದೆ ಅಂತ ಮೊದಲು ಗೊತ್ತಾದದ್ದು ಬನಶಂಕರಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಗೃಹಪ್ರವೇಶ. ಕೆಳಗೆ ಪಾರ್ಕಿಂಗಿನಲ್ಲಿ ಒಲೆ ಹೂಡಿದ್ದೆವು. ಹೆಂಡತಿ ಮೇಲಿನ ಮನೆಯಲ್ಲಿ ಬಾಳೆ ಎಲೆ ಒರೆಸುತ್ತಿದ್ದಳು. ನಾನು ಕಡಲೆಬೇಳೆ ಪಾಯಸ ಒಲೆಯ ಮೇಲಿಟ್ಟು, ಪಕ್ಕದಲ್ಲೇ ಕೂತು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ಮನಸ್ಸು ನೆಮ್ಮದಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಲಿಫ್ಟಿನಿಂದ ಜನ ಇಳಿಯತೊಡಗಿದರು. ಏನೋ ಸೀದುಹೋಗುತ್ತಿದೆ ಅಂತ ಒಬ್ಬರು ಕರೆಂಟ್ ಬೋರ್ಡಿನ ಬಾಗಿಲು ತೆಗೆದು ನೋಡಿದರು. ಇನ್ನೊಬ್ಬರು ತಮ್ಮ ಕಾರಿನ ಬಾನೆಟ್ ಎತ್ತಿ ಅದರೊಳಗೆ ಮೂಗಿಟ್ಟರು. ವೈರಿಂಗ್ ಇರಬೇಕು ಸಾರ್, ಹೊಸ ಬಿಲ್ಡಿಂಗುಗಳ ಹಣೆಬರಹವೇ ಇಷ್ಟು ಅಂತ ನಾನೂ ನಾಲ್ಕು ಮಾತು ಸೇರಿಸಿದೆ. ಅಷ್ಟರಲ್ಲಿ ಸೆಕ್ಯುರಿಟಿಯವನು ಕೆಂಪು ಸಿಲಿಂಡರ್ ಎತ್ತಿಕೊಂಡು ಓಡಿ ಬಂದ. ‘ಎಲ್ಲಿ ಸಾರ್ ಬೆಂಕಿ?’ ಅಂದ. ಪಾಪ, ಒಬ್ಬನೇ ಎಷ್ಟು ಕಡೆ ನೋಡುತ್ತಾನೆ ಅಂತ ನಾನು ಈಳಿಗೆಮಣೆ ಮಡಚಿಟ್ಟು ಅವನ ಜೊತೆ ಹುಡುಕಲು ಹೊರಟೆ. ಹೆಂಡತಿ ಓಡಿ ಬಂದು ಪಾಯಸದ ಪಾತ್ರೆ ಇಳಿಸುವ ಹೊತ್ತಿಗೆ ನಾವಿಬ್ಬರೂ ಕೆಳಗಿನ ಬೇಸ್‌ಮೆಂಟ್ ಮುಗಿಸಿ ಜನರೇಟರ್ ರೂಮಿಗೆ ಹೋಗಿದ್ದೆವು.

ಟಿವಿಯಲ್ಲಿ ಮೂಗು

ಜೆ.ಪಿ. ನಗರದಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್ ಒಬ್ಬರಿದ್ದಾರೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂಗಿಗೆ ಮರಗಟ್ಟಿಸುವ ಔಷಧಿ ಹೊಡೆದು, ತುದಿಯಲ್ಲಿ ದೀಪವಿರುವ ಕಡ್ಡಿಯಂಥ ಕ್ಯಾಮೆರಾ ಒಳಗೆ ಬಿಟ್ಟರು. ಎದುರಿನ ಟಿವಿಯಲ್ಲಿ ನನ್ನ ಮೂಗಿನ ಒಳಗು ಗೋಡೆಯಷ್ಟಗಲ ಕಾಣಿಸಿತು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ನೋಡದೆ ಉಳಿದಿದ್ದ ಜಾಗ ಅದೊಂದೇ. ಅದನ್ನೂ ನೋಡಿಬಿಟ್ಟಳು.

ಡಾಕ್ಟರ್ ನಿಧಾನವಾಗಿ ವಿವರಿಸಿದರು. ಇದಕ್ಕೆ ಪಾಲಿಪ್ ಅಂತ ಹೆಸರು, ಜನ ದುರ್ಮಾಂಸ ಅಂತಾರೆ. ಮೂಗಿನ ಒಳಪದರವೇ ವರ್ಷಗಟ್ಟಲೆ ಊದಿಕೊಂಡು, ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಜೋತುಬೀಳುತ್ತದೆ. ನೋಡಿದರೆ ಕ್ಯಾನ್ಸರ್ ಥರ ಇಲ್ಲ, ಆದರೂ ತೆಗೆದ ದಿನ ಪರೀಕ್ಷೆಗೆ ಕಳಿಸುತ್ತೇವೆ. ವಾಸನೆ ತಿಳಿಯುವ ಜಾಗ ಮೂಗಿನ ಮೇಲ್ಭಾಗದಲ್ಲಿದೆ, ದಾರಿ ಮುಚ್ಚಿದ್ದರಿಂದ ಗಾಳಿ ಅಲ್ಲಿಗೆ ತಲುಪುತ್ತಿಲ್ಲ. ಮೊದಲು ಸ್ಪ್ರೇ ಮತ್ತು ಉಪ್ಪುನೀರಲ್ಲಿ ತೊಳೆಯುವುದು, ಬೇಕಾದರೆ ಕೆಲವು ದಿನ ಮಾತ್ರೆ, ಬಗ್ಗದಿದ್ದರೆ ಆಪರೇಷನ್. ಅದಾದ ಮೇಲೂ ಮತ್ತೆ ಬರಬಹುದು, ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಅಷ್ಟೇ ಅಂದರು.

ಮತ್ತೆ ಬರಬಹುದು ಅನ್ನುವ ಮಾತು ಕೇಳಿ, ಸಮಾಧಾನಕ್ಕೆ ಹೆಂಡತಿಯ ಕಡೆ ತಿರುಗಿದೆ. ಅವಳು ಕನ್ನಡಕ ಮೇಲೇರಿಸಿಕೊಂಡು ಟಿವಿಯ ಹತ್ತಿರ ಹೋಗಿದ್ದಳು. ‘ರೀ, ನೆನೆಸಿದ ಸಬ್ಬಕ್ಕಿ ಥರಾನೇ ಇದೆ ನೋಡಿ’ ಅಂದಳು. ಅವತ್ತಿನಿಂದ ನಾವು ಸಬ್ಬಕ್ಕಿ ಪಾಯಸ ಮಾಡುವುದಿಲ್ಲ. ಯಾರಾದರೂ ಕೇಳಿದರೆ, ಈಗ ಒಳ್ಳೆ ಸಬ್ಬಕ್ಕಿ ಎಲ್ಲಿ ಸಿಗತ್ತೆ ಅಂತೀವಿ.

ಕೈ ಅಂದಾಜು

ಮೂಗು ತೊಳೆಯಲು ಡಾಕ್ಟರು ಒಂದು ಮೆತ್ತನೆಯ ಬಾಟಲಿ ಕೊಟ್ಟು, ಕುದಿಸಿ ಆರಿಸಿದ ನೀರಿಗೆ ಇಷ್ಟೇ ಉಪ್ಪು, ಒಂದು ಚಿಟಿಕೆ ಸೋಡಾ ಅಂತ ಚಮಚ ತೋರಿಸಿ ಹೇಳಿದ್ದರು. ಭಟ್ಟನಿಗೆ ಉಪ್ಪಿನ ಅಳತೆ ಹೇಳಿಕೊಡುವ ಕಾಲ ಬಂತಲ್ಲ ಅಂತ ನನಗೆ ಒಳಗೊಳಗೇ ಉರಿಯಿತು. ಮನೆಗೆ ಬಂದು ನೀರು ಕುದಿಸಿ ಆರಿಸಿದೆ, ಉಪ್ಪನ್ನು ಕೈ ಅಂದಾಜಿನಲ್ಲಿ ಹಾಕಿದೆ. ನನ್ನ ಕೈಗೆ ನೂರು ಜನಕ್ಕಿಂತ ಕಡಿಮೆ ಅಂದಾಜು ಬರುವುದಿಲ್ಲ ಅನ್ನುವುದು ಬಾಟಲಿ ಹಿಂಡಿದ ಮೇಲೆ ನೆನಪಾಯಿತು.

ಆಮೇಲಿನದನ್ನು ನಾನು ಹೇಳಲಾರೆ. ಕಣ್ಣಲ್ಲಿ, ಕಿವಿಯಲ್ಲಿ, ಹಲ್ಲಿನ ಬೇರಿನಲ್ಲಿ ಉರಿ ಎದ್ದಿತು. ನಾನು ಕೂಗಿದ ಕೂಗಿಗೆ ಮೇಲಿನ ಮಹಡಿಯಿಂದ ಮನೆ ಓನರ್ ಗೌಡರು ಇಳಿದು ಬಂದರು. ಗೌಡರು ಈ ಊರಿನವರೇ. ಈಗ ನಮ್ಮ ಬಾಡಿಗೆ ಮನೆಗಳು ನಿಂತಿರುವ ಜಾಗದಲ್ಲಿ ಹಿಂದೆ ಅವರ ದ್ರಾಕ್ಷಿ ತೋಟ ಇತ್ತಂತೆ. ಹೆಂಡತಿ ಎಲ್ಲ ವಿವರಿಸಿ ಹೇಳಿದಳು. ಅವರು ಪಾತ್ರೆಯಲ್ಲಿ ಉಳಿದಿದ್ದ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ ಯೋಚನೆ ಮಾಡಿದರು. ‘ಭಟ್ರೇ, ಇದನ್ನ ಚೆಲ್ಬೇಡಿ. ಮಾವಿನಮಿಡಿ ತರಿಸ್ತೀನಿ, ಹಾಕಿ. ಎರಡು ವರ್ಷ ಕೆಡಲ್ಲ’ ಅಂದರು.

ಬಾಗಿಲಿಗೇ ಬಂದು ನಿಂತಿದೆ

ಜಯನಗರದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಮನೆಯ ಹಬ್ಬ, ವ್ರತ ಎಲ್ಲಕ್ಕೂ ನಾನೇ ಅಡಿಗೆ. ಬಹಳ ಮಡಿಯವರು. ಅವರು ಒಪ್ಪಿದರೆ ಆ ರಸ್ತೆಯವರೆಲ್ಲ ಒಪ್ಪಿದ ಹಾಗೆ. ಅಂಥವರ ಹತ್ತಿರ ನನ್ನ ಹೆಂಡತಿ ಮಾತಿಗೆ ಮಾತು ಬಂದು, ಇವರ ಮೂಗಲ್ಲಿ ದುರ್ಮಾಂಸ ಬೆಳೆದಿದೆ ಅಂತ ಹೇಳಿಬಿಟ್ಟಳು.

ಅಜ್ಜಿ ಮೂಗಿನ ಮೇಲೆ ಬೆರಳಿಟ್ಟರು. ನೈವೇದ್ಯಕ್ಕೆ ಮಾಡುವವರ ಮೂಗಿನಲ್ಲಿ ಅದಾ ಅಂದರು. ಪೂಜೆಗೆ ಬಂದಿದ್ದ ಶಾಸ್ತ್ರಿಗಳನ್ನು ಕರೆಸಿದರು. ನಾನು ಸೌಟು ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತೆ. ಇಷ್ಟು ವರ್ಷದ ಕಸುಬು ಶಾಸ್ತ್ರಿಗಳ ಒಂದು ಮಾತಿನ ಮೇಲೆ ನಿಂತಿತ್ತು, ನನಗೆ ನಿಜವಾಗಿಯೂ ಅಳು ಬರುವಂತಿತ್ತು.

ಶಾಸ್ತ್ರಿಗಳು ಒಳ್ಳೆಯವರು, ಜೊತೆಗೆ ಅವರಿಗೆ ಹಸಿವೂ ಆಗಿತ್ತು. ‘ಅದು ಬರೀ ಹೆಸರಮ್ಮ. ಹಾಗೆ ನೋಡಿದ್ರೆ ನಿಮ್ಮ ಮೈ, ನನ್ನ ಮೈ ಎಲ್ಲಾ ಮಾಂಸವೇ ಅಲ್ವಾ’ ಅಂತ ಸಮಾಧಾನ ಹೇಳಿದರು. ಅಜ್ಜಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ‘ನಮ್ಮದು ಒಳಗಡೆ ಮುಚ್ಕೊಂಡಿದೆ ಶಾಸ್ತ್ರಿಗಳೇ. ಇವರದ್ದು ಬಾಗಿಲಿಗೇ ಬಂದು ನಿಂತಿದೆ’ ಅಂದರು.

ಇಂಗು, ತೆಂಗು

ಕೊನೆಗೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಡಿಗೆ ಮಾಡಬಹುದು ಅಂತ ಅಜ್ಜಿಯ ಅಪ್ಪಣೆಯಾಯಿತು. ಅಲ್ಲಿಂದ ಮುಂದೆ ಎಲ್ಲ ಕಡೆ ಹೆಂಡತಿಯೇ ನನ್ನ ಮೂಗು. ಭಟ್ಟ ಎಲ್ಲದಕ್ಕೂ ಹೆಂಡತಿಯನ್ನು ಕೇಳುತ್ತಾನೆ ಅಂತ ಆಗಬಾರದಲ್ಲ, ಅದಕ್ಕೆ ಸನ್ನೆ ಮಾಡಿಕೊಂಡೆವು. ಅವಳು ಪಾತ್ರೆಯ ಹತ್ತಿರ ನಿಂತು ಹುಬ್ಬೇರಿಸಿದರೆ ಇನ್ನಷ್ಟು ಉಪ್ಪು ಬೇಕು ಅಂತ, ಹುಬ್ಬು ಗಂಟಿಕ್ಕಿದರೆ ಸಾಕು ಅಂತ. ಒಂದು ಮನೆಯಲ್ಲಿ ಪರಿಚಯದ ಹೆಂಗಸೊಬ್ಬರು ಎದುರಾಗಿ, ಇವಳು ಹುಬ್ಬೇರಿಸಿ ‘ಚೆನ್ನಾಗಿದೀರಾ’ ಅಂದಳು. ಹುಳಿಗೆ ಒಂದು ಹಿಡಿ ಉಪ್ಪು ಬಿತ್ತು. ಆ ಹೆಂಗಸಿಗೆ ಮಾತು ಜಾಸ್ತಿ. ಇವಳು ಎಷ್ಟು ಸಲ ಹುಬ್ಬೇರಿಸಿದಳೋ ದೇವರಿಗೇ ಗೊತ್ತು, ದೇವರೇ ಮೊದಲು ಊಟ ಮಾಡಿದ್ದು.

ಒಗ್ಗರಣೆ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಒಗ್ಗರಣೆಗೆ ಇಂಗು ಹಾಕುವಾಗ ಅದರ ಘಮ ಒಂದು ಎಳೆಯಷ್ಟಾದರೂ ಸಿಗಬಹುದು ಅಂತ ಆಸೆ. ಜೆ.ಪಿ. ನಗರದ ಒಂದು ನಾಮಕರಣದ ದಿನ ಹಾಕಿದೆ, ಸಿಗಲಿಲ್ಲ. ಮತ್ತೆ ಹಾಕಿದೆ, ಸಿಗಲಿಲ್ಲ. ಡಬ್ಬಿಯನ್ನೇ ಬಗ್ಗಿಸಿದ ಮೇಲೆ, ಬಹಳ ದೂರದಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದಾರೆ ಅನ್ನುವ ಹಾಗೆ ಒಂಚೂರು ತಿಳಿಯಿತು. ನನಗೆ ಅಷ್ಟಕ್ಕೇ ಸಂತೋಷವಾಯಿತು. ತಿರುಗಿ ನೋಡಿದರೆ ಹೆಂಡತಿಯ ಕಣ್ಣಲ್ಲಿ ಧಾರಾಕಾರ ನೀರು. ನನಗಾಗಿ ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ಘಾಟಿಗೆ.

ಅವತ್ತು ಹೆಸರು ಕೆಟ್ಟು ಹೋಗುತ್ತದೆ ಅಂತ ಮೂಲೆಯಲ್ಲಿ ಅವಿತು ಕೂತೆ. ಜನ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದರು. ಮಗುವಿನ ಹೆಸರು ಏನಿಟ್ಟರು ಅಂತ ಯಾರಿಗೂ ನೆನಪಿರಲಿಲ್ಲ, ಸಾರಿನ ಭಟ್ಟ ಯಾರು ಅಂತ ಎಲ್ಲರೂ ವಿಚಾರಿಸಿದರು. ಅಲ್ಲಿಂದ ಇಂಗಿನ ಸಾರಿನ ಭಟ್ರು ಅಂತ ನನಗೆ ಹೆಸರು ಬಂತು, ಫೋನಿನ ಮೇಲೆ ಫೋನು ಬಂತು. ಜಯನಗರದ ಅಜ್ಜಿಯೂ, ಈಗ ನಿಮ್ಮ ಕೈ ಪಳಗಿತು ಭಟ್ರೇ ಅಂದರು. ತಲೆ ನರೆತ ಮೇಲೆ ಕೈ ಪಳಗಿತಂತೆ. ಊರೆಲ್ಲ ಹೊಗಳುವ ಆ ಸಾರು ನನ್ನ ಪಾಲಿಗೆ ಬರೀ ಬಿಸಿನೀರು. ರಾತ್ರಿ ಊಟಕ್ಕೆ ಕೂತಾಗ ಎಷ್ಟೋ ಸಲ ಅದನ್ನು ಬಿಟ್ಟು ಬರೀ ಮಜ್ಜಿಗೆ ಅನ್ನ ಕಲಸಿಕೊಂಡೆ. ಇಂಗು, ತೆಂಗು ಇದ್ದರೆ ಮಂಗನೂ ಅಡಿಗೆ ಮಾಡುತ್ತೆ ಅಂತಾರೆ. ನನಗೆ ತೆಂಗೂ ಬೇಕಾಗಲಿಲ್ಲ.

ಚಾಟನಿ

ಸ್ಪ್ರೇ ಹೊಡೆದೆ, ಕೈ ಅಂದಾಜು ಬಿಟ್ಟು ಚಮಚದಲ್ಲೇ ಉಪ್ಪು ಅಳೆದು ಮೂಗು ತೊಳೆದೆ. ಮಾತ್ರೆ ನುಂಗಿದ ದಿನಗಳಲ್ಲಿ ವಾಸನೆ ನೆಂಟನ ಹಾಗೆ ಬಂದು, ಮಾತ್ರೆ ನಿಂತ ಮೇಲೆ ಹೊರಟುಹೋಯಿತು. ಆಪರೇಷನ್ ಅಂತಲೇ ಆಯಿತು. ಹೆಂಡತಿ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ, ಇವರಿಗೆ ಮೂಗು ಕೊಡು ತಾಯಿ ಅಂತ ಹರಕೆ ಹೊತ್ತಳು. ಗೌಡರು ಮಾತ್ರ ಆಸ್ಪತ್ರೆಗೆ ಹೊರಟವನನ್ನು ಗೇಟಿನಲ್ಲಿ ನಿಲ್ಲಿಸಿ, ಡಾಕ್ಟರು ದ್ರಾಕ್ಷಿ ಥರ ಅಂದರಲ್ಲ, ಬೀಜ ಇರೋದಾ ಇಲ್ಲದ್ದಾ ಅಂತ ಕೇಳಿದರು.

ಮೈಮೇಲೆ ಪ್ರಜ್ಞೆ ಇಲ್ಲದ ಹಾಗೆ ಮಲಗಿಸಿ, ಹೊರಗೆ ಎಲ್ಲೂ ಕೊಯ್ಯದೆ, ಮೂಗಿನ ಹೊಳ್ಳೆಯಿಂದಲೇ ಎಲ್ಲ ತೆಗೆದರು. ಎಚ್ಚರವಾದಾಗ ಮೂಗಿನ ತುಂಬ ಬಟ್ಟೆ ತುರುಕಿದ್ದರು, ಬಾಯಲ್ಲಿ ಉಸಿರಾಡುತ್ತ ಬಿದ್ದಿದ್ದೆ. ಸಂಜೆ ಗೌಡರು ನೋಡಲು ಬಂದರು. ಚಾಟನಿ ಆಯ್ತಾ ಅಂತ ಹೆಂಡತಿಯನ್ನು ಕೇಳಿದರು. ದ್ರಾಕ್ಷಿ ಬಳ್ಳಿಯನ್ನು ಕತ್ತರಿಸುವುದಕ್ಕೆ ಚಾಟನಿ ಅಂತಾರೆ. ಬುಡದವರೆಗೂ ತೆಗೆದಿದಾರಂತೆ ಅಂದಳು ಇವಳು.

‘ಅಯ್ಯೋ, ಹಂಗೆ ಮಾಡಿದ್ರೆ ಇನ್ನೂ ಜೋರಾಗಿ ಚಿಗುರುತ್ತೆ ಕಣಮ್ಮ. ನಮ್ಮಪ್ಪ ಫಸಲು ಚೆನ್ನಾಗಿ ಬರ್ಲಿ ಅಂತ ಹಂಗೇ ಮಾಡ್ತಿದ್ರು’ ಅಂದರು ಗೌಡರು. ಆಮೇಲೆ ರೋಗಿಯನ್ನು ನೋಡಲು ಬರಿಗೈಯಲ್ಲಿ ಬರಬಾರದು ಅಂತ ತಂದಿದ್ದ ಹಣ್ಣನ್ನು ಚೀಲದಿಂದ ತೆಗೆದು ನನ್ನ ತಲೆಯ ಪಕ್ಕ ಇಟ್ಟರು. ದ್ರಾಕ್ಷಿ.

ಕಸದ ಆಟೋ

ಮೂಗಿಗೆ ತುರುಕಿದ್ದ ಬಟ್ಟೆ ತೆಗೆದ ಮೇಲೂ ವಾಸನೆ ಬರಲಿಲ್ಲ. ಊತ ಇಳಿಯಬೇಕು, ತಾಳ್ಮೆ ಇರಲಿ ಅಂತ ಡಾಕ್ಟರ್ ಹೇಳಿದ್ದರು. ಆಪರೇಷನ್ನೂ ವ್ಯರ್ಥವಾಯಿತು, ಇನ್ನು ಉಳಿದಿರುವುದು ಪಂಚೆ, ಸೌಟು ಅಂತ ನಾನು ದಿನಾ ಹಾಸಿಗೆಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ. ತೆಗೆದ ಗಡ್ಡೆ ಸಾದಾ ಗಡ್ಡೆಯೇ ಅಂತ ರಿಪೋರ್ಟ್ ಬಂದಾಗಲೂ ನನಗೆ ಖುಷಿಪಡುವ ಮನಸ್ಸಾಗಲಿಲ್ಲ.

ಒಂದು ಬೆಳಗ್ಗೆ ಕಸದ ಆಟೋ ಬಂತು. ಬಕೆಟ್ ತೆಗೆದುಕೊಂಡು ಹೋದೆ. ಆಟೋ ಹಿಂದೆ ನಿಂತಾಗ ಕೊಳೆತ ಟೊಮೆಟೊ, ಹಳಸಿದ ಅನ್ನ, ನಿನ್ನೆಯ ಹೂವು, ಮಗುವಿನ ಡೈಪರ್, ಒಂದೊಂದೂ ಬೇರೆ ಬೇರೆಯಾಗಿ, ಸರತಿಯಲ್ಲಿ ಬಂದು ನನ್ನ ಮೂಗಿಗೆ ಹೆಸರು ಹೇಳಿಕೊಂಡವು. ನಾನು ಆಟೋದ ಕಂಬಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಕಸ ಬೇರೆ ಮಾಡುತ್ತಿದ್ದ ಹೆಂಗಸು ಗಾಬರಿಯಾಗಿ, ‘ಯಾಕಂಕಲ್, ಬಂಗಾರ ಏನಾರ ಕಸದಲ್ಲಿ ಹೋಯ್ತಾ?’ ಅಂತ ಕೇಳಿದಳು. ಇಲ್ಲಮ್ಮ, ಕಳೆದದ್ದು ಸಿಕ್ಕಿತು ಅಂದೆ. ಪಾಪ, ಅವಳು ಆಟೋ ನಿಲ್ಲಿಸಿ ಇನ್ನೂ ಏನಾದರೂ ಸಿಗುತ್ತದೇನೋ ಅಂತ ಮಧ್ಯಾಹ್ನದವರೆಗೆ ಕಸ ಕೆದಕಿದಳಂತೆ.

ಶ್ರಾವಣದ ಹೊತ್ತಿಗೆ

ಮೂಗು ಬಂದ ಮೇಲೆ ಮೊದಲ ಅಡಿಗೆ ಜಯನಗರದ ಅಜ್ಜಿಯ ಮನೆಯಲ್ಲಿ, ರಥಸಪ್ತಮಿಗೆ. ಬಟ್ಟೆ ಕಟ್ಟುವ ಶಿಕ್ಷೆಯನ್ನು ಅಜ್ಜಿಗೆ ಹೇಳದೆ ನಾನೇ ರದ್ದು ಮಾಡಿಕೊಂಡೆ. ಹೆಂಡತಿಯ ಹುಬ್ಬಿಗೆ ರಜೆ ಕೊಟ್ಟೆ. ಸಾರಿನ ಪಾತ್ರೆಯ ಪಕ್ಕ ಸುಮ್ಮನೆ ನಿಂತೆ, ಹಬೆ ತಾನಾಗಿ ಬಂದು ಉಪ್ಪು ಹೇಳಿತು, ಹುಳಿ ಹೇಳಿತು. ಒಗ್ಗರಣೆಗೆ ಅಂತ ರೂಢಿಯಂತೆ ಇಂಗಿನ ಡಬ್ಬಿ ತೆಗೆದೆ. ಆ ಘಾಟಿಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಇದನ್ನು ಡಬ್ಬಿಗಟ್ಟಲೆ ಜನಕ್ಕೆ ತಿನ್ನಿಸಿದೆನಾ ಅಂತ ನಾಚಿಕೆಯಾಗಿ, ಕಡಲೆಯಷ್ಟು ಮಾತ್ರ ಹಾಕಿದೆ. ನನಗೆ ಕೆಲಸ ಕಲಿಸಿದ ಹಿರಿಯ ಭಟ್ಟರ ಸಾರೇ ಎದ್ದು ಬಂದ ಹಾಗಿತ್ತು. ವರ್ಷಗಳ ಮೇಲೆ ನಾನು ನನ್ನ ಕೈಯಾರೆ ಒಂದು ಒಳ್ಳೆಯ ಅಡಿಗೆ ಮಾಡಿದ್ದೆ.

ಪಂಕ್ತಿಯಲ್ಲಿ ಯಾರೂ ಲೋಟ ಕೇಳಲಿಲ್ಲ. ಸಾರು ಬಡಿಸಿ ಆದಮೇಲೂ ಒಬ್ಬರು, ಸಾರು ಇನ್ನೂ ಬರಲಿಲ್ವಾ ಅಂತ ಕೇಳಿದರು. ಊಟವಾದ ಮೇಲೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮೆತ್ತಗೆ ಕೇಳಿದರು. ‘ಭಟ್ರೇ, ಆ ಮೂಗಿನ ಆಪರೇಷನ್ ಯಾವಾಗ ಮಾಡಿಸ್ಕೋತೀರಿ?’

ಆಗಿ ಬಹಳ ದಿನ ಆಯ್ತಮ್ಮ, ಈಗ ವಾಸನೆ ಚೆನ್ನಾಗಿ ಬರ್ತಿದೆ ಅಂದೆ. ಅಜ್ಜಿ ನಂಬಲಿಲ್ಲ. ಹಾಗಾದರೆ ಅವರು ಸರಿಯಾಗಿ ಮಾಡಿಲ್ಲ, ಬೇರೆ ಡಾಕ್ಟರಿಗೆ ತೋರಿಸಿ ಅಂದರು. ನಾನು ಇಂಗು ತಿಂದ ಮಂಗನ ಹಾಗೆ ನಿಂತುಕೊಂಡೆ.

ಇನ್ನೇನು, ಇಂಗು ಜಾಸ್ತಿ ಹಾಕಿದರಾಯಿತು ಅಂತ ನೀವು ಹೇಳಬಹುದು. ಹೆಂಡತಿಯೂ ಅದನ್ನೇ ಹೇಳಿದಳು. ಪ್ರಯತ್ನ ಮಾಡಿದೆ. ವಾಸನೆ ಬರುವವನ ಕೈ ಆ ಅಳತೆಗೆ ಏಳುವುದಿಲ್ಲ, ಅರ್ಧದಲ್ಲೇ ನಿಂತುಬಿಡುತ್ತದೆ. ಅವಳೇ ಹಾಕಲು ಹೋದರೆ ಮೂಗು ಮುಚ್ಚಿಕೊಳ್ಳಬೇಕು, ಮಡಿಯಲ್ಲಿ ಮೂಗು ಮುಟ್ಟುವಂತಿಲ್ಲ. ಅಷ್ಟರಲ್ಲಿ ಭಟ್ಟರ ಕೈರುಚಿ ಹೋಯಿತು ಅಂತ ಜಯನಗರದಿಂದ ಜೆ.ಪಿ. ನಗರದ ತನಕ ಸುದ್ದಿ ಹಬ್ಬಿತು. ಫೋನ್ ನಿಂತಿತು. ಮೂಗು ಇಲ್ಲದಾಗ ಕೆಲಸ ಇತ್ತು, ಮೂಗು ಬಂದಾಗ ಮೂಸಲು ಅಡಿಗೆಯಿಲ್ಲ. ಮನೆಯಲ್ಲಿ ಇಬ್ಬರಿಗೆ ಒಂದು ಹಿಡಿ ಬೇಳೆ ಬೇಯಿಸಿ, ಅದರ ಹಬೆಯ ಮುಂದೆ ನಿಂತು ಮನಸ್ಸು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಯುಗಾದಿ ಕಳೆದು ಡಾಕ್ಟರ ಹತ್ತಿರ ಮತ್ತೆ ತೋರಿಸಲು ಹೋದೆವು. ಅದೇ ಕಡ್ಡಿ, ಅದೇ ಟಿವಿ. ಅವರು ಬಹಳ ಹೊತ್ತು ನೋಡಿ ಮುಖ ಸಪ್ಪಗೆ ಮಾಡಿಕೊಂಡರು. ‘ಬೇಜಾರು ಮಾಡ್ಕೋಬೇಡಿ ಅಂಕಲ್. ಬಲಗಡೆ ಚಿಕ್ಕದಾಗಿ ಮತ್ತೆ ಶುರುವಾಗಿದೆ. ಸ್ಪ್ರೇ ತಪ್ಪಿಸದೆ ಹಾಕಿದ್ರೆ ಅಲ್ಲಿಗೇ ನಿಲ್ಲಿಸಬಹುದು’ ಅಂದರು.

ಗೌಡರ ಬಾಯಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ನನಗೆ ಮೂಗು ಬರಲಿ ಅಂತ ಬನಶಂಕರಿಯಲ್ಲಿ ದೀಪ ಹಚ್ಚಿದವಳು, ಇಷ್ಟು ದಿನ ನನ್ನ ಮೂಗಾಗಿ ಪಾತ್ರೆಯ ಪಕ್ಕ ನಿಂತವಳು, ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಎದ್ದು ಟಿವಿಯ ಹತ್ತಿರ ಹೋದಳು. ಕನ್ನಡಕ ಮೇಲೇರಿಸಿಕೊಂಡು ಆ ಒಂದು ಸಬ್ಬಕ್ಕಿ ಕಾಳನ್ನು ಪ್ರೀತಿಯಿಂದ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು.

‘ಮೇಡಂ, ಸ್ಪ್ರೇ ಹಾಕದೇ ಬಿಟ್ರೆ, ಶ್ರಾವಣದ ಹೊತ್ತಿಗೆ ಎರಡೂ ಕಡೆ ತುಂಬ್ಕೊಳ್ಳತ್ತಾ?’